ಖಾರ್ದುಂಗ್ ಲಾ ಚಾಲೆಂಜ್

ಲಡಾಖಿನ ಖಾರ್ದುಂಗ್ ಹಳ್ಳಿಯಿಂದ ಹೊರಟು, ಖಾರ್ದುಂಗ್ ಲಾ ಘಟ್ಟದ ನೆತ್ತಿಯನ್ನು ದಾಟಿ, ಲೇಹ್ ಪಟ್ಟಣದಲ್ಲಿ ಮುಗಿಯುವ 72 ಕಿಲೋಮೀಟರ್ ಉದ್ದದ ಓಟ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಲಡಾಖ್ ಮ್ಯಾರಥಾನ್‌ನ ಭಾಗವಾಗಿ ನಡೆಯುತ್ತದೆ. ಇದಕ್ಕಿಂತ ಉದ್ದದ ಓಟಗಳು ಭಾರತದಲ್ಲೇ ಹಲವು ಇವೆ, ಇದಕ್ಕಿಂತ ಕಡಿದಾದ ದಾರಿಗಳೂ ಇವೆ. ಇದರ ಕಷ್ಟವಿರುವುದು ಗಾಳಿಯಲ್ಲಿ. ಓಟದ ಬಹುಭಾಗ 4,000 ಮೀಟರಿಗಿಂತ ಮೇಲೆಯೇ ಸಾಗುತ್ತದೆ. ನೆತ್ತಿಯ ಎತ್ತರ ಸುಮಾರು 5,360 ಮೀಟರ್. ಬಯಲುಸೀಮೆಯಲ್ಲಿ ಎಷ್ಟೇ ಬೆವರು ಸುರಿಸಿದರೂ ಈ ಗಾಳಿಗೆ ಮೈಯನ್ನು ಸಜ್ಜುಗೊಳಿಸಲಾಗದು. ಅಲ್ಲಿಗೇ ಹೋಗಿ, ಸುಮ್ಮನಿದ್ದು, ದಿನ ಕಳೆಯಬೇಕು. ಈ ಓಟದ ತಯಾರಿಯಲ್ಲಿ ಅತಿ ಮುಖ್ಯವಾದದ್ದು ಇದೇ, ಓಟಗಾರರು ಅತಿ ಹೆಚ್ಚು ಉದಾಸೀನ ಮಾಡುವುದೂ ಇದನ್ನೇ.

ದಾರಿ

ಖಾರ್ದುಂಗ್ ಲಾ ಇರುವುದು ಲೇಹ್‌ನ ಉತ್ತರಕ್ಕೆ, ಲಡಾಖ್ ಪರ್ವತಶ್ರೇಣಿಯಲ್ಲಿ. ಸಿಂಧೂ ಕಣಿವೆಯಿಂದ ಶಯೋಕ್ ಮತ್ತು ನುಬ್ರಾ ಕಣಿವೆಗಳಿಗೆ ಹೋಗುವ ಮುಖ್ಯ ದಾರಿ ಇದು. ಹಿಂದೆ ಲೇಹ್‌ನಿಂದ ಯಾರ್ಕಂದ್ ಮತ್ತು ಕಾಶ್ಗರ್‌ಗೆ ಸರಕು ಹೊತ್ತ ಕುದುರೆಗಳ ಸಾಲು ಈ ಮಾರ್ಗವಾಗಿ ಸಾಗುತ್ತಿತ್ತು. ಮೋಟಾರು ರಸ್ತೆ 1976ರಲ್ಲಿ ಸಿದ್ಧವಾಯಿತು, 1988ರಲ್ಲಿ ಸಾರ್ವಜನಿಕ ವಾಹನಗಳಿಗೆ ತೆರೆಯಿತು. ಸಿಯಾಚಿನ್ ಕಡೆಗೆ ಹೋಗುವ ಸೇನೆಯ ಸಾಮಗ್ರಿಗೆ ಇದು ಜೀವನಾಡಿ. ಗಡಿ ರಸ್ತೆಗಳ ಸಂಸ್ಥೆ ಇದನ್ನು ಸುಸ್ಥಿತಿಯಲ್ಲಿ ಇಡುತ್ತದೆ. ನೆತ್ತಿಯ ಮೇಲಿನ ಫಲಕದಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು. ಉಪಗ್ರಹದ ನೆರವಿನಿಂದ ಮಾಡಿದ ಅಳತೆಗಳು 5,359 ಮೀಟರ್, ಅಂದರೆ 17,582 ಅಡಿ ಎಂದು ತೋರಿಸಿವೆ. ವಾಹನ ಹೋಗಬಲ್ಲ ಜಗತ್ತಿನ ಅತಿ ಎತ್ತರದ ರಸ್ತೆ ಎಂಬ ಹಳೆಯ ಹೆಗ್ಗಳಿಕೆಯೂ ಈಗ ಇದರದಲ್ಲ. ಲಡಾಖಿನಲ್ಲೇ ಇರುವ ಉಮ್ಲಿಂಗ್ ಲಾ ರಸ್ತೆ ಇದಕ್ಕಿಂತ 400 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ.

ಓಟ ಆರಂಭವಾಗುವ ಖಾರ್ದುಂಗ್ ಹಳ್ಳಿ ಘಟ್ಟದ ಆಚೆ ಬದಿಯಲ್ಲಿ, 4,000 ಮೀಟರಿಗೆ ತುಸು ಕೆಳಗಿದೆ. ಅಲ್ಲಿಂದ ನೆತ್ತಿಯವರೆಗೆ ಸುಮಾರು 32 ಕಿಲೋಮೀಟರ್ ಏರು, ನಡುವೆ ನಾರ್ತ್ ಪುಲ್ಲು ತಪಾಸಣಾ ಠಾಣೆ. ನೆತ್ತಿ ದಾಟಿದ ಮೇಲೆ ಸೌತ್ ಪುಲ್ಲು ಮೂಲಕ ಲೇಹ್‌ವರೆಗೆ ಸುಮಾರು 40 ಕಿಲೋಮೀಟರ್ ಇಳಿಜಾರು. ಏರಬೇಕಾದದ್ದು 1,400 ಮೀಟರಿನಷ್ಟು, ಇಳಿಯಬೇಕಾದದ್ದು 1,800 ಮೀಟರಿಗೂ ಹೆಚ್ಚು. ನೂರು ಮೀಟರ್ ಸಾಗಿದರೆ ನಾಲ್ಕೈದು ಮೀಟರ್ ಮಾತ್ರ ಏರುವ ರಸ್ತೆ ಇದು. ಸಮುದ್ರಮಟ್ಟದಲ್ಲಿ ಇಂಥ ಏರನ್ನು ಅಭ್ಯಾಸವಿರುವ ಓಟಗಾರರು ಮಾತಾಡಿಕೊಂಡೇ ಓಡುತ್ತಾರೆ. ಇಲ್ಲಿ ನಾರ್ತ್ ಪುಲ್ಲು ದಾಟಿದ ಮೇಲೆ ಬಹುತೇಕ ಎಲ್ಲರೂ ನಡೆಯುತ್ತಾರೆ.

ಹುಟ್ಟು

2010ರ ಆಗಸ್ಟ್ 5ರ ರಾತ್ರಿ ಲೇಹ್ ಪ್ರದೇಶದಲ್ಲಿ ಮೇಘಸ್ಫೋಟವಾಗಿ ಕೆಸರಿನ ಪ್ರವಾಹ ನುಗ್ಗಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಹಳ್ಳಿಗಳು ನೆಲಸಮವಾದವು. ಆ ಆಘಾತದ ನೆನಪು ಹಸಿಯಾಗಿರುವಾಗಲೇ, 2012ರಲ್ಲಿ, ಪರ್ವತಾರೋಹಣದ ವ್ಯವಸ್ಥೆ ಮಾಡುವ ರಿಮೋ ಎಕ್ಸ್‌ಪೆಡಿಷನ್ಸ್‌ನ ಚೆವಾಂಗ್ ಮೋಟುಪ್ ಗೋಬಾ ಅವರ ಮುಂದಾಳತ್ವದಲ್ಲಿ ಲಡಾಖ್ ಮ್ಯಾರಥಾನ್ ಶುರುವಾಯಿತು. ಸ್ಥಳೀಯ ಯುವಕ ಯುವತಿಯರಿಗೆ ಒಂದು ಕ್ರೀಡೆ, ಊರಿಗೆ ಒಂದು ಹಬ್ಬ, ಹೊರಗಿನವರಿಗೆ ಲಡಾಖಿಗೆ ಬರಲು ಒಂದು ನೆಪ, ಈ ಮೂರೂ ಅದರಲ್ಲಿ ಸೇರಿದ್ದವು. ಪೂರ್ಣ ಮ್ಯಾರಥಾನ್, ಅರ್ಧ ಮ್ಯಾರಥಾನ್ ಮತ್ತು ಚಿಕ್ಕ ಓಟಗಳು ಲೇಹ್ ಸುತ್ತಮುತ್ತ ನಡೆಯುತ್ತವೆ. ಖಾರ್ದುಂಗ್ ಲಾ ಚಾಲೆಂಜ್ ಅವುಗಳ ಜೊತೆಗಿನ ಕಠಿಣ ಸ್ಪರ್ಧೆ. ಈಚಿನ ವರ್ಷಗಳಲ್ಲಿ ನುಬ್ರಾದ ಕ್ಯಾಗರ್ ಹಳ್ಳಿಯಿಂದ ಇದೇ ಘಟ್ಟ ದಾಟಿ ಬರುವ 122 ಕಿಲೋಮೀಟರಿನ ಸಿಲ್ಕ್ ರೂಟ್ ಅಲ್ಟ್ರಾವನ್ನೂ ಸೇರಿಸಿದ್ದಾರೆ.

ಲಾ ಅಲ್ಟ್ರಾ – ದಿ ಹೈ ಎಂಬ ಬೇರೊಂದು ಓಟ ಖಾರ್ದುಂಗ್ ಲಾ ಚಾಲೆಂಜ್‌ಗೂ ಮೊದಲೇ, 2010ರಲ್ಲಿ, ಇದೇ ನೆತ್ತಿಯನ್ನು ಹಾಯ್ದಿತ್ತು. ಆಗ ಅದರ ದೂರ 222 ಕಿಲೋಮೀಟರ್. ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಅವುಗಳ ಸಂಘಟಕರು ಬೇರೆ, ದಾರಿ ಬೇರೆ.

ತೆಳುಗಾಳಿಯಲ್ಲಿ ದೇಹ

ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನ ಕಡಲತೀರದಲ್ಲೂ ಖಾರ್ದುಂಗ್ ಲಾದಲ್ಲೂ ಒಂದೇ, ಶೇಕಡಾ 21ರ ಆಸುಪಾಸು. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನ 3,500 ಮೀಟರಿನಲ್ಲಿ ಅದು ಕಡಲಮಟ್ಟದ ಮೂರನೇ ಎರಡು ಭಾಗದಷ್ಟು, ನೆತ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಒತ್ತಡ ಇಳಿದಂತೆ ಶ್ವಾಸಕೋಶದಿಂದ ರಕ್ತಕ್ಕೆ ದಾಟುವ ಆಮ್ಲಜನಕ ಇಳಿಯುತ್ತದೆ. ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ 1,500 ಮೀಟರ್ ದಾಟಿದ ಮೇಲೆ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇಕಡಾ 10ರಂತೆ ಕುಗ್ಗುತ್ತದೆ. ಈ ಲೆಕ್ಕದಲ್ಲಿ ಖಾರ್ದುಂಗ್ ಲಾದ ಮೇಲೆ ನಿಂತ ಓಟಗಾರನ ಕೈಯಲ್ಲಿರುವುದು ತನ್ನ ಊರಿನ ಶಕ್ತಿಯ ಸುಮಾರು ಶೇಕಡಾ ಅರವತ್ತು ಪಾಲು ಮಾತ್ರ.

1968ರ ಮೆಕ್ಸಿಕೋ ಒಲಿಂಪಿಕ್ಸ್ ಈ ಸಂಗತಿಯನ್ನು ಕ್ರೀಡಾಲೋಕದ ಕಣ್ಣಿಗೆ ಕಟ್ಟಿತು. ಅಲ್ಲಿನ ಎತ್ತರ 2,240 ಮೀಟರ್. ತೆಳುಗಾಳಿಯಲ್ಲಿ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದರು. ದೂರದ ಓಟಗಳು ಮಾತ್ರ ನಿಧಾನವಾದವು, ಎತ್ತರದ ನಾಡುಗಳಿಂದ ಬಂದವರು ಮುಂದಾದರು. ಕೀನ್ಯಾದ ಕಿಪ್ ಕೇನೋ 1,500 ಮೀಟರಿನಲ್ಲೂ ನಫ್ತಾಲಿ ಟೆಮು 10,000 ಮೀಟರಿನಲ್ಲೂ ಚಿನ್ನ ಗೆದ್ದರು. ಖಾರ್ದುಂಗ್ ಲಾ ಮೆಕ್ಸಿಕೋ ನಗರದ ಎರಡರಷ್ಟಕ್ಕಿಂತಲೂ ಹೆಚ್ಚು ಎತ್ತರದಲ್ಲಿದೆ.

ಎತ್ತರಕ್ಕೆ ಒಗ್ಗುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರ ಬಗ್ಗೆ ತಪ್ಪುಕಲ್ಪನೆಗಳು ಹೆಚ್ಚು. ಎತ್ತರಕ್ಕೆ ಹೋದೊಡನೆ ಕೆಂಪುರಕ್ತಕಣಗಳು ಹೆಚ್ಚುತ್ತವೆ, ಅದೇ ಒಗ್ಗುವಿಕೆ ಎಂದು ಹಲವರು ತಿಳಿದಿದ್ದಾರೆ. ಕೆಂಪುಕಣಗಳನ್ನು ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನು ಕೆಲವೇ ಗಂಟೆಗಳಲ್ಲಿ ಏರುವುದು ನಿಜ. ಆದರೆ ಹೊಸ ಕಣಗಳು ಗಣನೀಯವಾಗಿ ಕೂಡಿಕೊಳ್ಳಲು ವಾರಗಳೇ ಬೇಕು. ಮೊದಲ ದಿನಗಳಲ್ಲಿ ರಕ್ತ ಗಟ್ಟಿಯಾದಂತೆ ಕಾಣುವುದು ಅದರೊಳಗಿನ ನೀರಿನಂಶ ಕಡಿಮೆಯಾಗುವುದರಿಂದ. ಎರಡು ವಾರದಲ್ಲಿ ನಿಜವಾಗಿ ಬದಲಾಗುವುದು ಉಸಿರಾಟ. ಆಮ್ಲಜನಕ ಕಡಿಮೆಯೆಂದು ಅರಿತ ದೇಹ ಜೋರಾಗಿ ಉಸಿರಾಡುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮೆದುಳು ಉಸಿರಾಟವನ್ನು ತಡೆಹಿಡಿಯುತ್ತದೆ. ಈ ಎಳೆದಾಟದ ಫಲವಾಗಿಯೇ ಲೇಹ್‌ನಲ್ಲಿ ಮೊದಲ ರಾತ್ರಿಗಳಲ್ಲಿ ಮಲಗಿದವರ ಉಸಿರು ಕೆಲವು ಕ್ಷಣ ನಿಂತೇಹೋಗಿ, ಮತ್ತೆ ದೀರ್ಘವಾಗಿ ಎಳೆದುಕೊಂಡು, ಬೆಚ್ಚಿ ಎಚ್ಚರವಾಗುವುದು. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ದಿನದಿನವೂ ಹೊರಹಾಕುತ್ತ ರಕ್ತದ ಸಮತೋಲವನ್ನು ತಿದ್ದುತ್ತವೆ, ತಡೆ ಸಡಿಲವಾಗುತ್ತದೆ, ಉಸಿರು ಆಳವಾಗುತ್ತದೆ. ಮೂತ್ರಪಿಂಡದ ಈ ಕೆಲಸಕ್ಕೆ ಅವಸರವಿಲ್ಲ, ಓಟಗಾರನ ಛಲ ಅದನ್ನು ಬೇಗ ಮುಗಿಸಲಾರದು.

ಒಗ್ಗದ ದೇಹಕ್ಕೆ ಏನಾಗುತ್ತದೆ ಎಂಬ ತಿಳಿವಳಿಕೆಗೂ ಲಡಾಖಿನಂಥ ಹಿಮಾಲಯದ ಗಡಿಗಳಿಗೂ ನಂಟಿದೆ. 1962ರ ಭಾರತ–ಚೀನಾ ಯುದ್ಧದ ಸಮಯದಲ್ಲಿ ಬಯಲಿನ ಸೈನಿಕರನ್ನು ದಿಢೀರನೆ ಎತ್ತರಕ್ಕೆ ಸಾಗಿಸಬೇಕಾಯಿತು. ಶತ್ರುವನ್ನು ಕಾಣುವ ಮೊದಲೇ ಹಲವರು ತಲೆನೋವು, ವಾಂತಿ, ಉಬ್ಬಸಗಳಿಂದ ಮಲಗಿದರು. ಇಂದರ್ ಸಿಂಗ್ ಮತ್ತು ಸಂಗಡಿಗ ಸೇನಾ ವೈದ್ಯರು 1,925 ಸೈನಿಕರಲ್ಲಿ ಕಂಡ ಎತ್ತರದ ಕಾಯಿಲೆಯನ್ನು 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ವಿವರಿಸಿದರು. ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುವ ಪ್ರಬಂಧ ಅದು. ಇಂದು ಲಡಾಖಿಗೆ ಬರುವ ಪ್ರತಿಯೊಬ್ಬ ಪ್ರವಾಸಿಗೆ ಸಿಗುವ ಎಚ್ಚರಿಕೆಯ ಹಿಂದೆ ಆ ಸೈನಿಕರ ಸಂಕಟವಿದೆ. ಅದನ್ನು ಮರೆಯಬಾರದು.

ಕಾಯಿಲೆಯ ಸಾಮಾನ್ಯ ರೂಪ ತಲೆನೋವು, ಓಕರಿಕೆ, ತಲೆಸುತ್ತು, ಸುಸ್ತು. ವಿಶ್ರಾಂತಿ ಪಡೆದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಪಾಯವಿರುವುದು ಅದರ ಎರಡು ಉಗ್ರ ರೂಪಗಳಲ್ಲಿ. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ: ಕೂತಲ್ಲೇ ಏದುಸಿರು, ಒಣಕೆಮ್ಮು, ಆಮೇಲೆ ನೊರೆಗಫ. ಇನ್ನೊಂದರಲ್ಲಿ ಮೆದುಳು ಬಾತುಕೊಳ್ಳುತ್ತದೆ: ಕಾಲು ತೊಡರುತ್ತದೆ, ಗೆರೆಯ ಮೇಲೆ ನೇರವಾಗಿ ನಡೆಯಲಾಗುವುದಿಲ್ಲ, ಮಾತು ಅಸಂಬದ್ಧವಾಗುತ್ತದೆ. ಎರಡಕ್ಕೂ ಮೊದಲ ಚಿಕಿತ್ಸೆ ಕೆಳಗಿಳಿಸುವುದು, ಜೊತೆಗೆ ಆಮ್ಲಜನಕ. ದೇಹದಾರ್ಢ್ಯ ಇದರಿಂದ ಕಾಪಾಡುವುದಿಲ್ಲ. ಗಟ್ಟಿಮುಟ್ಟಾದವರು ಲಕ್ಷಣಗಳನ್ನು ಲೆಕ್ಕಿಸದೆ ಮೇಲೇರುವುದರಿಂದ ಅವರಿಗೇ ಅಪಾಯ ಹೆಚ್ಚು ಎನ್ನಬಹುದು.

ಬಯಲಿನಲ್ಲಿ ತಯಾರಿ

ಈ ಓಟಕ್ಕೆ ಹೆಸರು ಕೊಡುವವರು ಮೊದಲೇ ಮ್ಯಾರಥಾನ್ ಅಥವಾ ಅದಕ್ಕಿಂತ ಉದ್ದದ ಓಟ ಮುಗಿಸಿದ ದಾಖಲೆ ತೋರಿಸಬೇಕು. ಅಂಥವರಿಗೂ ಐದಾರು ತಿಂಗಳ ವಿಶೇಷ ತಯಾರಿ ಬೇಕಾಗುತ್ತದೆ. ಕರ್ನಾಟಕದ ಓಟಗಾರರ ಸ್ಥಿತಿ ಇಲ್ಲಿ ವಿಚಿತ್ರ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ; ನಾಡಿನ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯೂ ಸುಮಾರು 1,930 ಮೀಟರ್ ಮಾತ್ರ. ಎಂದರೆ, ನಾಡಿನ ಅತಿ ಎತ್ತರದ ಜಾಗದಲ್ಲಿ ನಿಂತರೂ ಲೇಹ್‌ನ ಪೇಟೆಬೀದಿ ಇನ್ನೂ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಮೇಲೆ. ಎತ್ತರವನ್ನು ಇಲ್ಲಿ ಕಲಿಯಲಾಗದು. ಏರಿಳಿತವನ್ನು ಮಾತ್ರ ಚೆನ್ನಾಗಿ ಕಲಿಯಬಹುದು. ನಂದಿಬೆಟ್ಟದ ರಸ್ತೆ, ಕುಮಾರಪರ್ವತದ ಹಾದಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳು ಇದಕ್ಕೆ ಒಳ್ಳೆಯ ನೆಲ. ಕಾಫಿ ಸೀಮೆಯಲ್ಲೇ ನಡೆಯುವ ಮಲ್ನಾಡ್ ಅಲ್ಟ್ರಾ ಕಾಲುಗಳಿಗೆ ಉತ್ತಮ ಪೂರ್ವಪರೀಕ್ಷೆ.

ವಾರಾಂತ್ಯದಲ್ಲಿ ಎರಡು ದಿನ ಒಂದರ ಹಿಂದೊಂದು ದೀರ್ಘ ಓಟ ಓಡುವುದು ಬಹುತೇಕ ಎಲ್ಲ ತರಬೇತಿ ಕ್ರಮಗಳ ತಿರುಳು. ಶನಿವಾರದ ದಣಿವು ಆರುವ ಮೊದಲೇ ಭಾನುವಾರ ಬೆಳಿಗ್ಗೆ ಎದ್ದು ಹೊರಟರೆ, ಒಂದೇ ದಿನ 60 ಕಿಲೋಮೀಟರ್ ಓಡಿ ಗಾಯ ಮಾಡಿಕೊಳ್ಳದೆಯೂ ಸೋತ ಕಾಲುಗಳಲ್ಲಿ ಸಾಗುವುದು ರೂಢಿಯಾಗುತ್ತದೆ. ಚುರುಕು ನಡಿಗೆಯನ್ನೂ ಬೇರೆಯಾಗಿ ಅಭ್ಯಾಸ ಮಾಡಬೇಕು. ನಡೆಯುವುದೆಂದರೆ ಸೋಲು ಎಂದು ನಂಬಿದ ನಗರದ ಓಟಗಾರರು ಇದನ್ನು ಕಲಿಯಲು ಹಿಂಜರಿಯುತ್ತಾರೆ. 5,000 ಮೀಟರಿನ ಮೇಲೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಿಲ್ಲದೆ ನಡೆಯಬಲ್ಲವರು, ಇನ್ನೂರು ಹೆಜ್ಜೆ ಓಡಿ ನಿಂತು ಏದುಸಿರುಬಿಡುವವರನ್ನು ಹಿಂದೆ ಹಾಕುತ್ತಾರೆ.

ಇಳಿಜಾರಿನ ಅಭ್ಯಾಸವನ್ನು ಇಲ್ಲಿ ಒತ್ತಿ ಹೇಳಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ಆಗುಂಬೆ ಘಾಟಿಯಲ್ಲಿ ಲಾರಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿಸಿದ ಹಾಗೆ. ಉಸಿರಿಗೆ ಸುಲಭ, ಸ್ನಾಯುವಿಗೆ ಘೋರ. ಅದರ ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕುಗಳುಂಟಾಗಿ ಮರುದಿನ ಮೆಟ್ಟಿಲಿಳಿಯಲೂ ಆಗದ ನೋವು ಬರುತ್ತದೆ. ಒಳ್ಳೆಯ ಸುದ್ದಿಯೆಂದರೆ, ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರಗಳ ಮಟ್ಟಿಗೆ ಅದೇ ಹೊರೆಯನ್ನು ಹೆಚ್ಚು ಹಾನಿಯಿಲ್ಲದೆ ತಾಳುತ್ತದೆ. ಆದ್ದರಿಂದ ಓಟಕ್ಕೆ ಮೂರ್ನಾಲ್ಕು ವಾರ ಮುಂಚೆ ಉದ್ದನೆಯ ಇಳಿಜಾರಿನಲ್ಲಿ ಓಡಿ ಬರುವುದು ಅಗತ್ಯ. ನಂದಿಬೆಟ್ಟವನ್ನು ಓಡಿ ಹತ್ತಿ ಕಾರಿನಲ್ಲಿ ಇಳಿಯುವವರು ಅರ್ಧ ತರಬೇತಿಯನ್ನೇ ಕೈಬಿಟ್ಟಂತೆ.

ಮುಖಕ್ಕೆ ಕಟ್ಟಿಕೊಳ್ಳುವ ‘ಎತ್ತರದ ಮುಖವಾಡ’ಗಳು ಉಸಿರಿಗೆ ಅಡ್ಡಿ ಮಾಡುತ್ತವೆಯೇ ಹೊರತು ಗಾಳಿಯ ಒತ್ತಡವನ್ನು ಕಡಿಮೆ ಮಾಡುವುದಿಲ್ಲ, ಅವುಗಳಿಂದ ಎತ್ತರಕ್ಕೆ ಒಗ್ಗಿದಂತಾಗುವುದಿಲ್ಲ. ಆಮ್ಲಜನಕ ಕಡಿಮೆ ಮಾಡಿದ ಡೇರೆಯಲ್ಲಿ ವಾರಗಟ್ಟಲೆ ಮಲಗಿದರೆ ಸ್ವಲ್ಪ ಪ್ರಯೋಜನವುಂಟು, ಆದರೆ ಅದು ದುಬಾರಿ. ಕಬ್ಬಿಣಾಂಶದ ಕೊರತೆಯಿದ್ದರೆ ಕೆಂಪುಕಣಗಳು ಬೆಳೆಯಲಾರವು. ಹೊರಡುವ ಕೆಲವು ತಿಂಗಳು ಮೊದಲೇ, ಮೈಯಲ್ಲಿನ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಹಿಳೆಯರಿಗೆ ಮತ್ತು ಸಸ್ಯಾಹಾರಿಗಳಿಗೆ ಇದು ಹೆಚ್ಚು ಅಗತ್ಯ.

ಲೇಹ್‌ನ ದಿನಗಳು

ಓಟಕ್ಕೆ ಹತ್ತರಿಂದ ಹದಿನಾಲ್ಕು ದಿನ ಮೊದಲು ಲೇಹ್ ತಲುಪಿರಬೇಕು. ವಿಮಾನದಿಂದ ಇಳಿದ ಮೊದಲ ಎರಡು ದಿನ ಓಡುವುದಿರಲಿ, ವೇಗವಾಗಿ ನಡೆಯಲೂಬಾರದು. ಮೈಯಲ್ಲಿ ತಿಂಗಳುಗಳ ತರಬೇತಿ ತುಂಬಿರುತ್ತದೆ, ಹೊರಗೆ ನೀಲಿ ಆಕಾಶ ಕರೆಯುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಕೋಣೆಯಲ್ಲಿ ಕೂತು ನೀರು ಕುಡಿಯುವುದು ಬಹಳ ಮಂದಿಗೆ ಒಗ್ಗುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಊರಿನಲ್ಲಿ 98 ಕಾಣುತ್ತಿದ್ದವರಿಗೆ ಇಲ್ಲಿ 90ಕ್ಕಿಂತ ತುಸು ಕೆಳಗಿನ ಅಂಕಿಗಳು ಕಾಣುತ್ತವೆ. ಆ ಅಂಕಿಗಿಂತ ಲಕ್ಷಣಗಳನ್ನು ನಂಬುವುದು ಮೇಲು. ತಲೆನೋವು, ಹೊಟ್ಟೆಯ ತೊಂದರೆ, ಸುಸ್ತು, ತಲೆಸುತ್ತು ಇವುಗಳಿಗೆ ಅಂಕ ಕೊಟ್ಟು ಅಳೆಯುವ ಲೇಕ್ ಲೂಯಿಸ್ ಮಾಪನವನ್ನು ವೈದ್ಯರು ಬಳಸುತ್ತಾರೆ. 2018ರ ಪರಿಷ್ಕರಣೆಯಲ್ಲಿ ನಿದ್ರಾಭಂಗವನ್ನು ಅದರಿಂದ ಕೈಬಿಡಲಾಯಿತು, ಏಕೆಂದರೆ ಎತ್ತರದಲ್ಲಿ ನಿದ್ದೆ ಕೆಡುವುದು ಕಾಯಿಲೆಯಿಲ್ಲದವರಿಗೂ ಸಾಮಾನ್ಯ.

ಮೂರನೇ ದಿನದಿಂದ ಪೇಟೆಯ ಸುತ್ತಾಟ, ಶಾಂತಿ ಸ್ತೂಪದ ಮೆಟ್ಟಿಲು, ಆಮೇಲೆ ಸಿಂಧೂ ದಂಡೆಯಲ್ಲಿ ನಿಧಾನ ಓಟ. ಎರಡನೇ ವಾರದಲ್ಲಿ ವಾಹನದಲ್ಲಿ ಸೌತ್ ಪುಲ್ಲುವಿನವರೆಗೆ ಹೋಗಿ, ಅಲ್ಲಿ ಕೆಲಹೊತ್ತು ನಡೆದು ಓಡಿ, ರಾತ್ರಿಗೆ ಲೇಹ್‌ಗೆ ಮರಳಿ ಮಲಗುತ್ತಾರೆ. ಎತ್ತರಕ್ಕೆ ಏರು, ತಗ್ಗಿನಲ್ಲಿ ಮಲಗು ಎಂಬ ಪರ್ವತಾರೋಹಿಗಳ ಹಳೆಯ ನಿಯಮ ಇದು.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆಯನ್ನು ಪ್ರವಾಸಿಗರು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಮೂತ್ರಪಿಂಡಗಳು ಬೈಕಾರ್ಬೊನೇಟ್ ಹೊರಹಾಕುವುದನ್ನು ಅದು ಚುರುಕುಗೊಳಿಸುತ್ತದೆ. ಓಟಗಾರರು ತಿಳಿದಿರಬೇಕಾದದ್ದು ಒಂದಿದೆ: ಮೂತ್ರವರ್ಧಕವಾದ್ದರಿಂದ ಈ ಔಷಧ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಮದ್ದುಪರೀಕ್ಷೆಗೆ ಒಳಪಡುವ ಸ್ಪರ್ಧಿಗಳು ಚಿಕಿತ್ಸಾ ವಿನಾಯಿತಿ ಪಡೆಯದೆ ಅದನ್ನು ಮುಟ್ಟುವಂತಿಲ್ಲ. ಸಲ್ಫಾ ಔಷಧಗಳ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು.

ಓಟದ ದಿನ

ಹಿಂದಿನ ದಿನವೇ ಓಟಗಾರರನ್ನು ವಾಹನಗಳಲ್ಲಿ ಘಟ್ಟ ದಾಟಿಸಿ ಖಾರ್ದುಂಗ್ ಹಳ್ಳಿಗೆ ಕರೆದೊಯ್ಯುತ್ತಾರೆ. ನಸುಕಿನ ಮೂರು ಗಂಟೆಗೆ ಓಟ ಶುರು. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಮುಂದಿನವನ ಹಿಮ್ಮಡಿಯಷ್ಟೇ ಕಾಣುತ್ತದೆ. ಮೊದಲ ಐದಾರು ಕಿಲೋಮೀಟರಿನಲ್ಲಿ ತಡೆದುಕೊಂಡು ಓಡಿದವರೇ ಕೊನೆಗೆ ಉಳಿಯುವುದು. ಬೆನ್ನಚೀಲದ ನೀರಿನ ಕೊಳವೆ ಚಳಿಗೆ ಹೆಪ್ಪುಗಟ್ಟುತ್ತದೆ. ಅನುಭವಸ್ಥರು ಪ್ರತಿ ಗುಟುಕಿನ ನಂತರ ಊದಿ ಕೊಳವೆಯನ್ನು ಬರಿದು ಮಾಡುತ್ತಾರೆ, ಅಥವಾ ಬಾಟಲಿಯನ್ನು ಜಾಕೆಟ್ಟಿನ ಒಳಗೆ ಎದೆಗೆ ಒತ್ತಿಕೊಂಡಿರುತ್ತಾರೆ. ಹೊಟ್ಟೆಗೆ ಹಸಿವೇ ಇರುವುದಿಲ್ಲ. ಆದರೂ ಸ್ವಲ್ಪಸ್ವಲ್ಪವಾಗಿ ಶರ್ಕರಪಿಷ್ಟ ತಿನ್ನುತ್ತಿರಬೇಕು, ಏಕೆಂದರೆ ಅಷ್ಟೇ ಆಮ್ಲಜನಕದಲ್ಲಿ ಕೊಬ್ಬಿಗಿಂತ ಹೆಚ್ಚು ಶಕ್ತಿ ಕೊಡುವುದು ಅದೇ. ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ ಇಂಥ ಹೊತ್ತಿನಲ್ಲಿ ಯಾವ ಪೊಟ್ಟಣದ ಜೆಲ್‌ಗಿಂತಲೂ ಸಲೀಸಾಗಿ ಇಳಿಯುತ್ತದೆ.

ನಾರ್ತ್ ಪುಲ್ಲುವಿನಿಂದ ನೆತ್ತಿಯವರೆಗಿನ ಭಾಗ ಅತ್ಯಂತ ನಿಧಾನದ್ದು. ಮೂರು ಹೆಜ್ಜೆಗೆ ಒಳಗೆಳೆದು ಮೂರು ಹೆಜ್ಜೆಗೆ ಬಿಡುತ್ತಿದ್ದ ಉಸಿರು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಯುತ್ತದೆ. ನಿಗದಿತ ಠಾಣೆಗಳನ್ನು ನಿಗದಿತ ಹೊತ್ತಿನೊಳಗೆ ದಾಟದವರನ್ನು ತಡೆದು ವಾಹನಕ್ಕೆ ಹತ್ತಿಸುತ್ತಾರೆ. ವೈದ್ಯರಿಗೆ ಅನುಮಾನ ಬಂದರೂ ಅಷ್ಟೇ. ಇದು ಕಠೋರವಾಗಿ ಕಂಡರೂ ಸರಿ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿಲೋಮೀಟರ್ ಪರ್ವತ ಓಟದಲ್ಲಿ ಹವಾಮಾನ ಹಠಾತ್ತನೆ ಕೆಟ್ಟು, ಚಳಿಗೆ ಮೈ ತಣ್ಣಗಾಗಿ 21 ಓಟಗಾರರು ಸತ್ತರು. ಪರ್ವತದ ಓಟದಲ್ಲಿ ಬೆಚ್ಚನೆಯ ಹೊದಿಕೆಯನ್ನೂ ತಡೆಠಾಣೆಗಳನ್ನೂ ಕಡ್ಡಾಯ ಮಾಡುವುದು ಏಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಖಾರ್ದುಂಗ್ ಲಾದಲ್ಲಿ ಸೆಪ್ಟೆಂಬರಿನಲ್ಲೂ ಹಿಮ ಬೀಳಬಹುದು.

ನೆತ್ತಿಯಲ್ಲಿ ಬಣ್ಣದ ಪ್ರಾರ್ಥನಾ ಪತಾಕೆಗಳ ಸಾಲು. ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ತರವಲ್ಲ. ಮುಂದಿನ 40 ಕಿಲೋಮೀಟರಿನಲ್ಲಿ ಪ್ರತಿ ತಿರುವಿಗೂ ಗಾಳಿ ದಟ್ಟವಾಗುತ್ತ ಬರುತ್ತದೆ, ಉಸಿರು ತಿರುಗುತ್ತದೆ, ಆದರೆ ಕಾಲು ಮುರಿಯತೊಡಗುತ್ತದೆ. ಬಿಸಿಲು ಏರಿ, ಹಾಕಿಕೊಂಡ ಪದರಗಳನ್ನು ಒಂದೊಂದಾಗಿ ಬಿಚ್ಚಬೇಕಾಗುತ್ತದೆ. ಎತ್ತರದಲ್ಲಿ ನೇರಳಾತೀತ ಕಿರಣ ತೀಕ್ಷ್ಣ. ತುಟಿ, ಮೂಗು ಸುಟ್ಟು ಸುಲಿಯುತ್ತವೆ. ಸೇನೆಯ ಲಾರಿಗಳ ಮತ್ತು ಪ್ರವಾಸಿ ವಾಹನಗಳ ಹೊಗೆಯ ನಡುವೆಯೇ ಓಡಬೇಕು. ಲೇಹ್ ಊರು ಕೆಳಗೆ ಹಸಿರು ಪಟ್ಟಿಯಾಗಿ ಬಹಳ ಮೊದಲೇ ಕಣ್ಣಿಗೆ ಬೀಳುತ್ತದೆ, ಕಾಲಿಗೆ ಸಿಗಲು ಗಂಟೆಗಳು ಹಿಡಿಯುತ್ತವೆ. ಓಟವನ್ನು ಅರ್ಧಕ್ಕೆ ಬಿಡಬೇಕೆನ್ನಿಸುವುದು ಏರಿನಲ್ಲಿ, ಗಾಯವಾಗುವುದು ಇಳಿಜಾರಿನಲ್ಲಿ. ಮುಗಿಸಿದ ಮೇಲೆ ನೋವುನಿವಾರಕ ಮಾತ್ರೆ ನುಂಗುವ ರೂಢಿ ಅಪಾಯಕಾರಿ: ಒಡೆದ ಸ್ನಾಯುಗಳ ಕಲ್ಮಶವನ್ನು ಸೋಸುತ್ತಿರುವ, ನೀರಿಲ್ಲದೆ ಬಳಲಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಪೆಟ್ಟು. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇತರ ಓಟಗಳು, ಲಡಾಖಿನ ಓಟಗಾರರು

ಜಗತ್ತಿನ ಎತ್ತರದ ಓಟಗಳಲ್ಲಿ ಅಮೆರಿಕದ ಕೊಲರಾಡೋದ ಪೈಕ್ಸ್ ಪೀಕ್ ಮ್ಯಾರಥಾನ್ ಹಳೆಯದು. 1956ರಲ್ಲಿ ಆರಂಭವಾದ ಅದು 4,302 ಮೀಟರಿನ ಶಿಖರಕ್ಕೆ ಏರಿ ಇಳಿಯುತ್ತದೆ. ಅದೇ ರಾಜ್ಯದ ಹಾರ್ಡ್‌ರಾಕ್ 100 ಗಣಿಗಾರರ ಹಳೆಯ ಹಾದಿಗಳಲ್ಲಿ ನೂರು ಮೈಲಿಗೂ ಹೆಚ್ಚು ಸಾಗುತ್ತದೆ, ಏರಿಕೆಯ ಮೊತ್ತ 10,000 ಮೀಟರಿನಷ್ಟು. ನೇಪಾಳದ ತೇನ್‌ಸಿಂಗ್–ಹಿಲರಿ ಎವರೆಸ್ಟ್ ಮ್ಯಾರಥಾನ್ ಎವರೆಸ್ಟ್ ತಳಶಿಬಿರದಿಂದ ಶುರುವಾಗಿ ನಾಮ್ಚೆ ಬಜಾರ್‌ಗೆ ಇಳಿಯುತ್ತದೆ. ಆ ಶಿಬಿರದ ಎತ್ತರವೂ ಖಾರ್ದುಂಗ್ ಲಾದ ಎತ್ತರವೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಓಟಗಾರರು ದಿನಗಟ್ಟಲೆ ಚಾರಣ ಮಾಡಿ ಆ ಎತ್ತರ ತಲುಪಿ ಓಡತೊಡಗುತ್ತಾರೆ, ಇಲ್ಲಿ ಓಡುತ್ತಲೇ ಆ ಎತ್ತರವನ್ನು ತಲುಪಬೇಕು.

ಖಾರ್ದುಂಗ್ ಲಾ ಚಾಲೆಂಜ್‌ನಲ್ಲಿ ಮುಂದಿನ ಸ್ಥಾನಗಳು ಬಹುಮಟ್ಟಿಗೆ ಲಡಾಖಿಗಳಿಗೇ ಸಲ್ಲುತ್ತ ಬಂದಿವೆ. ಈ ಎತ್ತರದಲ್ಲೇ ಹುಟ್ಟಿ, ಹೊರೆ ಹೊತ್ತು, ಶಾಲೆಗೆ ನಡೆದು ಬೆಳೆದ ಮಕ್ಕಳ ಉಸಿರಿಗೆ ಬಯಲಿನವರು ಹದಿನಾಲ್ಕು ದಿನದಲ್ಲಿ ಸರಿಸಮವಾಗಲಾರರು. ಜಿಗ್ಮೆಟ್ ಡೋಲ್ಮಾ ಮತ್ತು ತ್ಸೆಟನ್ ಡೋಲ್ಕರ್ ಎಂಬ ಲಡಾಖಿ ಓಟಗಾರ್ತಿಯರು ಲಡಾಖ್ ಮ್ಯಾರಥಾನ್‌ನ ಬೆಂಬಲದಿಂದಲೇ ಹೊರಜಗತ್ತಿಗೆ ಬಂದು, ಮುಂಬೈ ಮ್ಯಾರಥಾನ್‌ನಂಥ ಬಯಲಿನ ಸ್ಪರ್ಧೆಗಳಲ್ಲೂ ಹೆಸರು ಮಾಡಿದರು. ಬಯಲಿಗೆ ಇಳಿದಾಗ ಅವರು ಒಗ್ಗಿಕೊಳ್ಳಬೇಕಾದದ್ದು ಸೆಕೆಗೆ ಮತ್ತು ಹಸಿಗಾಳಿಗೆ; ಅದಕ್ಕೂ ಒಂದೆರಡು ವಾರ ಬೇಕು.